ಕ್ಯಾಲೆಂಡರ್ ಹಿಂದಿನ ಗೋಡೆ

ಸಿಂಧನೂರಿನ ಯಾವುದಾದರೂ ಓಣಿಯಲ್ಲಿ ಒಂದು ಹಳೇ ಮನೆಗೆ ಹೊಸ ಬಣ್ಣ ಬಂತೆಂದರೆ ಜನ ಕೇಳುವುದು ಎರಡೇ ಪ್ರಶ್ನೆ: ‘ಮದುವಿ ಯಾರ್ದು?’ ಇಲ್ಲವೇ ‘ಎಷ್ಟಕ್ಕ ಕೊಟ್ರಿ?’ ಮದುವೆಯೂ ಇಲ್ಲ, ಮಾರಾಟವೂ ಇಲ್ಲ, ತಾನಿರುವ ಮನೆ ಚೆಂದ ಇರಲಿ ಅಂತ ಬಣ್ಣ ಹೊಡೆಸಿದೆ ಎನ್ನುವವನ ಮಾತನ್ನು ಈ ಸೀಮೆಯಲ್ಲಿ ಯಾರೂ ನಂಬುವುದಿಲ್ಲ. ವರ್ಷಗಟ್ಟಲೆ ಮಾಳಿಗೆ ಸೋರಿದರೂ ಕೆಳಗೆ ಬಕೆಟ್ ಇಟ್ಟು ಮಲಗಿದ ಯಜಮಾನ, ದಲ್ಲಾಳಿ ಬಂದುಹೋದ ಮರುದಿನ ವಾಟರ್‌ಪ್ರೂಫಿಂಗ್ ಡಬ್ಬಿ ಹೊತ್ತು ಮೇಲೇರುತ್ತಾನೆ. ‘ಬಚ್ಚಲದಾಗಿನ ನಳ ಸೋರಾಕತ್ತೈತ್ರಿ’ ಎಂದು ಹೆಂಡತಿ ಗೋಗರೆದಾಗ ಕೇಳದ ಕಿವಿ, ನಾಳೆ ಬರಲಿರುವ ಯಾರದೋ ಹೆಂಡತಿಯ ಸಲುವಾಗಿ ಪ್ಲಂಬರನ್ನು ಕರೆಸುತ್ತದೆ. ಮನೆ ನಮ್ಮದಲ್ಲ ಎಂದು ನಿಶ್ಚಯವಾದ ದಿನದಿಂದಲೇ ನಾವು ಅದನ್ನು ಮನೆಯಂತೆ ನೋಡಿಕೊಳ್ಳುವುದು.

ಅಮೆರಿಕದಲ್ಲಿ ಮನೆ ಕೊಳ್ಳುವವರು ತಪಾಸಣೆಗೆಂದೇ ಕಲಿತ ಒಬ್ಬನನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ಅವನು ನೆಲದಡಿ ತೆವಳಿ, ಛಾವಣಿ ಹತ್ತಿ, ವೈರು ಪೈಪು ನೋಡಿ ವರದಿ ಬರೆದುಕೊಡುತ್ತಾನೆ. ನಮ್ಮಲ್ಲಿ ಆ ಕೆಲಸಕ್ಕೆ ಒಂದು ಸಮಿತಿಯೇ ಕಾರಿನಿಂದ ಇಳಿಯುತ್ತದೆ. ಕೊಳ್ಳುವವನು, ಅವನ ಮಾವ, ಮಾವನ ಗುರುತಿನ ವಾಸ್ತುವಿನವರು, ಮತ್ತು ಬಂದ ಕೂಡಲೇ ‘ನಂಗಿದು ಬ್ಯಾಡ’ ಎಂದು ಅಳುವ ಒಂದು ಕೂಸು. ಈ ಸಮಿತಿಯಲ್ಲಿ ಮನೆಯ ಬಗ್ಗೆ ಪ್ರಾಮಾಣಿಕ ಅಭಿಪ್ರಾಯ ಕೊಡುವುದು ಕೂಸು ಮಾತ್ರ. ವಾಸ್ತುವಿನವರು ದಿಕ್ಸೂಚಿ ತೆಗೆದು ಅಡುಗೆಮನೆ ಆಗ್ನೇಯಕ್ಕಿದೆಯೇ, ನೀರಿನ ತೊಟ್ಟಿ ಈಶಾನ್ಯಕ್ಕಿದೆಯೇ ಎಂದು ನೋಡುತ್ತಾರೆ. ತೊಟ್ಟಿಯಲ್ಲಿ ನೀರಿದೆಯೇ ಎಂದು ಇಣುಕುವುದು ಅವರ ಶಾಸ್ತ್ರದಲ್ಲಿಲ್ಲ.

ಇದೇ ಮಾವನವರು ಸಂತೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾರೆ, ಕೊಂಬಿಗೆ ಬಣ್ಣ ಬಳಿದಿದ್ದರೆ ಮೊದಲು ಅನುಮಾನ ಪಡುತ್ತಾರೆ. ಎತ್ತಿನ ನೂರು ಪಟ್ಟು ಬೆಲೆಯ ಮನೆಗೆ ಬಣ್ಣ ಬಳಿದಿದ್ದರೆ ಮಾತ್ರ ‘ಮನಿ ಚಲೋ ಇಟ್ಟಾರ ನೋಡು’ ಎನ್ನುತ್ತಾರೆ.

ಬಣ್ಣದ ಕೆಳಗಿರುವುದು ಎರೆ ಮಣ್ಣಿನ ಚರಿತ್ರೆ. ಸಿಂಧನೂರಿನ ಕಪ್ಪು ನೆಲ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಮೇಲೆ ಕೂತ ಗೋಡೆಯೂ ಅದರ ಜೊತೆಗೇ ಏಳಬೇಕು, ಇಳಿಯಬೇಕು. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ತಳ ಅಗಲವಾದ ಪೈಲ್ ಅಡಿಪಾಯವನ್ನು ರೂಪಿಸಿ ದಶಕಗಳೇ ಕಳೆದವು. ನಾವು ಅಡಿಪಾಯಕ್ಕೆ ಒಂದಿಷ್ಟು ಮರಂ ಸುರಿದು, ಉಳಿದ ದುಡ್ಡಿನಲ್ಲಿ ಮುಂಬಾಗಿಲಿಗೆ ತೇಗ ಹಾಕಿಸಿದೆವು. ಬಾಗಿಲು ಎಲ್ಲರಿಗೂ ಕಾಣುತ್ತದಲ್ಲ! ಇನ್ನೊಂದು ಕಡೆ ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂತು, ಸೋನಾ ಮಸೂರಿ ಬಂತು, ಭತ್ತದ ದುಡ್ಡು ಬಂತು. ಜೊತೆಗೆ ತಗ್ಗಿನ ಹೊಲಗಳಿಗೆ ಸವಳು ಜವಳೂ ಬಂದವು. ಅಂಥ ಹೊಲ ಲೇಔಟಾಗಿ, ಲೇಔಟು ಮನೆಯಾದ ಕಡೆ ಗೋಡೆಯ ಬುಡದಲ್ಲಿ ಬಿಳೀ ಉಪ್ಪು ಪುಡಿಪುಡಿಯಾಗಿ ಉದುರುತ್ತದೆ.

ಹೀಗಾಗಿ ಮಾರುವವನಿಗೆ ಒಂದು ಧರ್ಮಸಂಕಟ. ಸೋರುವ ಮಾಳಿಗೆಯನ್ನು ಏಪ್ರಿಲ್‌ನಲ್ಲೇ ತೋರಿಸಬೇಕು, ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ಯಾವ ಸ್ಲ್ಯಾಬೂ ಸೋರುವುದಿಲ್ಲ. ಆದರೆ ಏಪ್ರಿಲ್‌ನಲ್ಲಿ ಗೋಡೆ ಬಿರುಕು ಬಿಟ್ಟಿರುತ್ತದೆ. ಬಿರುಕು ಕೂಡಲಿ ಎಂದು ಮಳೆಗಾಲಕ್ಕೆ ಕಾದರೆ ಮಾಳಿಗೆ ಗುಟ್ಟು ಬಿಟ್ಟುಕೊಡುತ್ತದೆ. ಈ ಸಂಕಟಕ್ಕೆ ಊರಿನ ಗೌಂಡಿಗಳು ಕಂಡುಕೊಂಡ ಪರಿಹಾರದ ಹೆಸರು ವಾಲ್ ಪುಟ್ಟಿ. ಪುಟ್ಟಿಗೂ ಬಗ್ಗದ ಬಿರುಕಿಗೆ ಕ್ಯಾಲೆಂಡರ್. ಇನ್ನೂ ಅಗಲವಿದ್ದರೆ ಅಷ್ಟಗಲದ ವೆಂಕಟರಮಣನ ಫೋಟೊ. ದೇವರ ಪಟವನ್ನು ಸರಿಸಿ ನೋಡುವ ಧೈರ್ಯ ಯಾವ ಗಿರಾಕಿಗಿದೆ?

ನೋಡಲು ಬರುವ ದಿನವನ್ನೂ ಪಂಚಾಂಗ ನೋಡಿಯೇ ಗೊತ್ತು ಮಾಡುತ್ತಾರೆ, ಆದರೆ ಅದು ನಳದ ಪಂಚಾಂಗ. ಕೆರೆಯ ನೀರು ಬಿಡುವ ದಿನ ಮನೆ ತೋರಿಸಿದರೆ ‘ನೀರಿಗೆ ಏನೂ ತ್ರಾಸಿಲ್ರಿ’ ಎಂದು ನಳ ತಿರುವಿಯೇ ಹೇಳಬಹುದು. ಬೋರಿನ ಸವುಳು ನೀರನ್ನು ಯಾರೂ ಬಾಯಿಗೆ ಹಾಕದಂತೆ ಮುಂಚೆಯೇ ಮಜ್ಜಿಗೆ ಕೊಟ್ಟುಬಿಡುತ್ತಾರೆ. ಹಿಂದೆ ರೈಸ್ ಮಿಲ್ ಇದ್ದರೆ, ಬೂದಿ ಬಿದ್ದ ಮಾಳಿಗೆಯನ್ನು ಬೆಳಗ್ಗೆಯೇ ತೊಳೆದು ‘ಮ್ಯಾಲೆ ಗಾಳಿ ಭಾರಿ ಬರ್ತೈತ್ರಿ ಅಣ್ಣಾರ’ ಎನ್ನುತ್ತಾರೆ. ಬರುವುದು ನಿಜ. ಗಾಳಿ ಜೊತೆ ಏನು ಬರುತ್ತದೆಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಇದು ಸಿಂಧನೂರಿನ ಮಾತಾಯಿತು. ಲಿಂಗಸುಗೂರಿನ ದಲ್ಲಾಳಿ ಗೋಡೆಯ ಗೊಡವೆಗೇ ಹೋಗುವುದಿಲ್ಲ, ಅವನು ಭವಿಷ್ಯ ಮಾರುತ್ತಾನೆ. ನಿಜಾಮರ ಕಾಲದಲ್ಲಿ ಲಿಂಗಸುಗೂರು ಜಿಲ್ಲೆಯೇ ಆಗಿತ್ತು, 1905ರಲ್ಲಿ ಅದನ್ನು ರದ್ದು ಮಾಡಿದರು. ಅದನ್ನು ಮರಳಿ ಸ್ಥಾಪಿಸುವ ಹೊಣೆ ಈಗ ಸೈಟಿನ ದಲ್ಲಾಳಿಗಳ ಮೇಲೆ ಬಿದ್ದಿದೆ. ‘ನಾಳೆ ಜಿಲ್ಲಾ ಆದ್ರ ಈ ರೇಟಿಗೆ ಸಿಗ್ತೈತೇನ್ರಿ?’ ತಾಲೂಕಿನ ಹಟ್ಟಿಯಲ್ಲಿ ನೆಲದಡಿ ಚಿನ್ನ ಸಿಗುವುದೂ ನಿಜವೇ. ಇವನ ಮಾತು ಕೇಳಿದರೆ ಆ ಚಿನ್ನದ ಪದರು ಇವನ ಲೇಔಟಿನ ಕೆಳಗೂ ಹಾದುಹೋಗಿದೆ ಅನ್ನಿಸಬೇಕು.

ಮಸ್ಕಿಯ ಕತೆ ಕಾಗದದ್ದು. ತಾಲೂಕು ಕೇಂದ್ರವಾದ ಮೇಲೆ ಅಲ್ಲಿ ಬೆಲೆ ಏರಿತು, ಜೊತೆಗೇ ದಾಖಲೆಯ ತಕರಾರೂ ಏರಿತು. ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. ಖರೀದಿ ಪತ್ರದಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ, ತೆರಿಗೆ ರಸೀದಿಯಲ್ಲಿ ಸತ್ತುಹೋದ ಅಜ್ಜ. ಮೂವರೂ ಒಂದೇ ಮನೆಯವರೆಂದು ಸಾಧಿಸುವಷ್ಟರಲ್ಲಿ ಗಿರಾಕಿ ಬೇರೆ ಮನೆಗೆ ಸಂಚಕಾರ ಕೊಟ್ಟಿರುತ್ತಾನೆ. ಮಸ್ಕಿಗೆ ಇದು ಹೊಸದೇನಲ್ಲ. ದೇಶದ ತುಂಬ ಬಂಡೆಗಳಲ್ಲಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದನ್ನಷ್ಟೇ ಬರೆಸಿಕೊಂಡಿದ್ದ ದೊರೆ ಯಾರೆಂದು ವಿದ್ವಾಂಸರು ಊಹಿಸಿದ್ದರೇ ಹೊರತು ಬಂಡೆಯ ಸಾಕ್ಷಿ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಇಲ್ಲಿನ ಗುಡ್ಡದಲ್ಲಿ ಶಾಸನ ಕಂಡ. ಅದರಲ್ಲಿ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇತ್ತು. ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ಸಿಗಲು ಚಕ್ರವರ್ತಿಗೇ ಎರಡು ಸಾವಿರ ವರ್ಷಕ್ಕೂ ಹೆಚ್ಚು ಹಿಡಿಯಿತು. ಬಸಪ್ಪ ಒಂದೆರಡು ತಿಂಗಳು ಕಚೇರಿ ಅಲೆದರೆ ಅದನ್ನು ವಿಳಂಬ ಎನ್ನಬಾರದು.

ಕೊನೆಗೆ ಬ್ಯಾಂಕಿನ ಇಂಜಿನಿಯರ್ ಬರುತ್ತಾರೆ. ಚೆಕ್ಕುಬಂದಿ ನೋಡಿ, ಟೇಪು ಹಿಡಿದು, ಯಜಮಾನನನ್ನು ಬಾಗಿಲ ಮುಂದೆ ನಿಲ್ಲಿಸಿ ಫೋಟೊ ತೆಗೆದು, ಚಹಾ ಆರುವ ಮುಂಚೆ ಹೊರಡುತ್ತಾರೆ. ಅವರು ಅಳೆಯುವುದು ಸಾಲವನ್ನು, ಗೋಡೆಯನ್ನಲ್ಲ.

ಇಷ್ಟೆಲ್ಲ ನಾಟಕದ ನಡುವೆ ಒಂದು ಕಾನೂನು ಮೂಲೆಯಲ್ಲಿ ಕೂತಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಅವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನೇ ಹೇಳಬೇಕು. ಹೇಳದಿದ್ದರೆ ಆ ಕಾಯ್ದೆ ಅದನ್ನು ವಂಚನೆ ಎಂದೇ ಕರೆಯುತ್ತದೆ. ನಮ್ಮವರು ಅದನ್ನು ‘ಪುಟ್ಟಿ ಕೆಲಸ’ ಎನ್ನುತ್ತಾರೆ. ಒಪ್ಪಂದದ ಬಾಂಡ್ ಪೇಪರಿನಲ್ಲಿ ‘ಮನೆಯನ್ನು ಕಣ್ಣಾರೆ ನೋಡಿ ಒಪ್ಪಿರುತ್ತೇನೆ’ ಎಂಬ ಸಾಲನ್ನು ಮರೆಯದೆ ಬರೆಸುತ್ತಾರೆ. ಕಣ್ಣಾರೆ ನೋಡಿದ್ದು ವೆಂಕಟರಮಣನನ್ನು ಎಂಬುದು ಮುಂದಿನ ಬೇಸಿಗೆಗೆ ತಿಳಿಯುತ್ತದೆ.

ಈ ಮೂರೂರಲ್ಲಿ ಮನೆ ನೋಡಲು ಹೊರಟವರಿಗೆ ಹೇಳುವುದಿಷ್ಟೆ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ, ಎರಡು ಸಲವೂ ಹೇಳದೆ ಹೋಗಿ. ವಾಸ್ತುವಿನವರನ್ನು ಮನೆಯಲ್ಲೇ ಬಿಟ್ಟು, ಬೇರೆ ಊರಿನ ಗೌಂಡಿಯೊಬ್ಬನನ್ನು ಒಂದು ದಿನದ ಕೂಲಿ ಕೊಟ್ಟು ಕರೆದೊಯ್ಯಿರಿ. ದೇವರಿಗೆ ಕೈ ಮುಗಿಯಿರಿ, ಆಮೇಲೆ ಪಟ ಸರಿಸಿ ನೋಡಿ.