ಎಲ್ಲಾ ಫೋಲ್ಡರ್‌ನಲ್ಲಿದೆ

“ಟೆನ್ಷನ್ ಯಾಕೆ ಮಾಡ್ಕೋತೀರಿ? ಎಲ್ಲಾ ಫೋಲ್ಡರ್‌ನಲ್ಲಿದೆ” ಎನ್ನುವ ಒಬ್ಬರು ನಿಮ್ಮ ಬಡಾವಣೆಯಲ್ಲೂ ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ಕೆಇಬಿಯಿಂದಲೋ ಏಜಿ ಆಫೀಸಿನಿಂದಲೋ ನಿವೃತ್ತರಾದವರು. ಶುಗರ್ ಹತೋಟಿಯಲ್ಲಿದೆ, ಮಕ್ಕಳ ಮದುವೆ ಮುಗಿದಿದೆ, ಗ್ರಾಚ್ಯುಟಿಯಲ್ಲಿ ಒಂದಿಷ್ಟು ಉಳಿದಿದೆ. ಆದ್ದರಿಂದ ಯುರೋಪಿಗೆ ಹೊರಟಿದ್ದಾರೆ. ನಮ್ಮ ಬನಶಂಕರಿ ಕಡೆ ಇವರಿಗೆ ಫೋಲ್ಡರ್ ರಾಯರು ಎಂದು ಹೆಸರು. ನಿಮ್ಮ ಕಡೆ ಗೌಡರಿರಬಹುದು, ಶೆಟ್ಟರಿರಬಹುದು, ರಿಟೈರ್ಡ್ ಹೆಡ್‌ಮೇಷ್ಟರಿರಬಹುದು. ಫೋಲ್ಡರ್ ಮಾತ್ರ ಅದೇ.

ರಾಯರ ಸಿದ್ಧಾಂತ ಸರಳ. ಪ್ರವಾಸದ ಟೆನ್ಷನ್ನೆಲ್ಲ ಕೊನೇ ಗಳಿಗೆಯ ಕೆಲಸದಿಂದ ಬರುವಂಥದ್ದು. ಕೊನೇ ಗಳಿಗೆಗೆ ಕೆಲಸವನ್ನೇ ಉಳಿಸದಿದ್ದರೆ ಅದು ಬರುವುದೆಲ್ಲಿಂದ? ಕೇಳುವುದಕ್ಕೇನೋ ಚೆನ್ನಾಗಿದೆ. ಆಚರಣೆಗೆ ಬಂದಾಗ, ಹೊರಡುವ ದಿನ ಒಟ್ಟಿಗೆ ಬರಬೇಕಾಗಿದ್ದ ಟೆನ್ಷನ್ನನ್ನು ರಾಯರು ಎಂಟು ತಿಂಗಳಿಗೆ ಹಂಚಿ, ಮನೆಮಂದಿಗೆಲ್ಲ ಕಂತಿನಲ್ಲಿ ಬಟವಾಡೆ ಮಾಡುತ್ತಾರೆ. ಬಡ್ಡಿ ಬೇರೆ.

ಒಂದು ವಿಷಯದಲ್ಲಿ ಅವರನ್ನು ಹೊಗಳಲೇಬೇಕು. ಪಾಸ್‌ಪೋರ್ಟ್ ಮುಗಿಯಲು ಇನ್ನೂ ಹನ್ನೊಂದು ತಿಂಗಳಿದೆ ಎನ್ನುವಾಗಲೇ ಹೊಸದು ಮಾಡಿಸಿಕೊಂಡರು. ಷೆಂಗೆನ್ ದೇಶಗಳಿಗೆ ಹೋಗುವವರ ಪಾಸ್‌ಪೋರ್ಟ್, ಅಲ್ಲಿಂದ ವಾಪಸು ಹೊರಟ ದಿನದಿಂದ ಮುಂದಕ್ಕೆ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ಟಿಕೆಟ್, ಹೋಟೆಲ್ ಎಲ್ಲಕ್ಕೂ ದುಡ್ಡು ಕಟ್ಟಿ ಆಮೇಲೆ ಈ ನಿಯಮ ಓದುವವರು ಕಡಿಮೆಯೇನಿಲ್ಲ. ರಾಯರು ಅಂಥವರಲ್ಲ. ಅವರು ನಿಯಮ ಓದಿ, ನಿಯಮದ ಅಡಿಟಿಪ್ಪಣಿ ಓದಿ, ಅಡಿಟಿಪ್ಪಣಿಯ ಮೇಲೆ ಹಳದಿ ಮಾರ್ಕರ್ ಎಳೆದವರು.

ವೀಸಾ ಅರ್ಜಿಯಲ್ಲಿ ಅವರಿಗೆ ಮೊದಲ ನಿರಾಸೆ ಕಾದಿತ್ತು. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳೊಳಗಷ್ಟೇ ಅರ್ಜಿ ಹಾಕಬಹುದು, ಅದಕ್ಕಿಂತ ಮುಂಚೆ ತೆಗೆದುಕೊಳ್ಳುವುದಿಲ್ಲ. ಈ ನಿಯಮವನ್ನು ರಾಯರಂಥವರಿಂದ ತಪ್ಪಿಸಿಕೊಳ್ಳಲೆಂದೇ ಮಾಡಿರಬೇಕೆಂದು ನನ್ನ ಗುಮಾನಿ. ಮಿಕ್ಕ ಎರಡು ತಿಂಗಳು ಅವರು ಸುಮ್ಮನೆ ಕೂರಲಿಲ್ಲ. ಷೆಂಗೆನ್ ಎನ್ನುವುದು ಲಕ್ಸೆಂಬರ್ಗಿನ ಒಂದು ಹಳ್ಳಿ, 1985ರ ಜೂನ್ 14ರಂದು ಅಲ್ಲಿ ಮೊಸೆಲ್ ನದಿಯ ಮೇಲೆ ನಿಂತಿದ್ದ ಹಡಗಿನಲ್ಲಿ ಐದು ದೇಶಗಳು ಸಹಿ ಹಾಕಿದವು, ಈಗ ಅವು 29 ಆಗಿವೆ ಎಂಬ ಸಂಗತಿಯನ್ನು ಸೊಪ್ಪಿನವಳಿಗೂ ಹೇಳಿ ಮುಗಿಸಿದರು. ಅವಳು “ಆಯ್ತು ಸ್ವಾಮಿ, ದಂಟು ಎರಡು ಕಟ್ಟು ಕೊಡ್ಲಾ?” ಎಂದಳು.

ಫೋಟೋ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ ಇರಬೇಕು. ಸ್ಟುಡಿಯೋದವನ ಮಾತನ್ನು ನಂಬದೆ ಜೇಬಿನಿಂದ ಅಡಿಕೋಲು ತೆಗೆದು ಅಳೆದರು. ನಗಬಾರದು ಎಂಬ ಸೂಚನೆಯನ್ನು ಹೆಂಡತಿಗೆ ಹೇಳಿದಾಗ ಆಕೆ, “ಎರಡು ತಿಂಗಳಿಂದ ಎಲ್ಲಿ ನಗ್ತಾ ಇದೀನಿ?” ಎಂದು ಒಂದೇ ಟೇಕಿನಲ್ಲಿ ಮುಗಿಸಿದರು.

ಇನ್ಷೂರೆನ್ಸ್ ಪ್ರಸಂಗ ನಡೆದದ್ದು ಊಟದ ಹೊತ್ತಿನಲ್ಲಿ. ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆಸ್ಪತ್ರೆಯ ಖರ್ಚಿನ ಜೊತೆಗೆ, ಆಗಬಾರದ್ದು ಆದರೆ ದೇಹವನ್ನು ಊರಿಗೆ ಸಾಗಿಸುವ ಖರ್ಚೂ ಅದರಲ್ಲಿ ಸೇರಿರಬೇಕು. ರಾಯರು ಹುಳಿಯನ್ನಕ್ಕೆ ತುಪ್ಪ ಬಡಿಸಿಕೊಳ್ಳುತ್ತ, “ನೋಡು, ನಮ್ಮಿಬ್ಬರಲ್ಲಿ ಯಾರು ಹೋದರೂ ಬಾಡಿ ಬೆಂಗಳೂರಿಗೆ ಫ್ರೀ. ಟೆನ್ಷನ್ ಬೇಡ” ಎಂದರು. ಆಕೆ ಮಜ್ಜಿಗೆಯನ್ನದವರೆಗೆ ಮಾತಾಡಲಿಲ್ಲ. ಆಮೇಲೆ, “ಸೂಟ್‌ಕೇಸ್ ಲೆಕ್ಕಕ್ಕೆ ಬರುತ್ತೋ, ಬೇರೆ ಚಾರ್ಜೋ?” ಎಂದು ಕೇಳಿದರಂತೆ.

ಇನ್ನು ಕವರಿಂಗ್ ಲೆಟರ್. ನಾವು ಯಾರು, ಯಾಕೆ ಬರುತ್ತಿದ್ದೇವೆ, ಮುಖ್ಯವಾಗಿ ವಾಪಸು ಯಾಕೆ ಹೋಗುತ್ತೇವೆ ಎನ್ನುವುದನ್ನು ಒಂದು ಪುಟದಲ್ಲಿ ಬರೆದರೆ ಸಾಕು. ರಾಯರದು ನಾಲ್ಕು ಪುಟವಾಯಿತು. ವಿಷಯ, ಉಲ್ಲೇಖ, ಲಗತ್ತುಗಳ ಪಟ್ಟಿ ಸಮೇತ. ತಾವು ಅಲ್ಲೇ ತಳ ಊರುವ ಆಸಾಮಿಯಲ್ಲ ಎಂದು ತೋರಿಸಲು ಪೆನ್ಷನ್ ಆದೇಶ, ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮನೆಯ ಖಾತಾ, ಕಂದಾಯ ಕಟ್ಟಿದ ರಸೀದಿ, ನೀರಿನ ಬಿಲ್ಲು, ಕೊನೆಗೆ ಬಡಾವಣೆಯ ಗಣೇಶೋತ್ಸವ ಸಮಿತಿಯ ಖಜಾಂಚಿ ಎಂಬ ಪತ್ರವೂ ಸೇರಿತು. “ಬೆಳಿಗ್ಗೆ ಆರಕ್ಕೆ ಫಿಲ್ಟರ್ ಕಾಫಿ ಸಿಗದಿದ್ದರೆ ಈ ಮನುಷ್ಯ ಮಾತಾಡೋದಿಲ್ಲ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು, ತಾವೇ ಎರಡನೇ ದಿನ ಓಡಿಸಿಬಿಡ್ತಿದ್ರು” ಎಂದು ಆಕೆಯ ಅಭಿಪ್ರಾಯ.

ಇಷ್ಟು ಕಾಗದದ ಮೇಲೂ ದೈವಬಲ ಇರಲಿ ಎಂದು ಹೈದರಾಬಾದಿನ ಹತ್ತಿರದ ಚಿಲ್ಕೂರು ಬಾಲಾಜಿಗೆ ಹೋದರು. ವೀಸಾ ಬಾಲಾಜಿ ಎಂದೇ ಪ್ರಸಿದ್ಧ. ಅಲ್ಲಿ ಹರಕೆ ಹೊರುವಾಗ 11 ಪ್ರದಕ್ಷಿಣೆ, ಕೆಲಸವಾದ ಮೇಲೆ ಬಂದು 108. ರಾಯರು ಮತ್ತೆ ಬರುವ ಖರ್ಚೇಕೆಂದು 108ನ್ನೂ ಅವತ್ತೇ ಮುಗಿಸಿ ಬಂದರು. ದೇವರಿಗೂ ಅಡ್ವಾನ್ಸ್ ಪೇಮೆಂಟು.

ವೀಸಾ ಬಂತು. ಹನ್ನೆರಡನೇ ದಿನಕ್ಕೇ ಬಂತು. ಹದಿನೈದು ದಿನವೆಂದು ಶೀಟಿನಲ್ಲಿ ಬರೆದುಕೊಂಡಿದ್ದ ರಾಯರಿಗೆ ಮೂರು ದಿನ ಏನು ಮಾಡುವುದೆಂದು ತೋಚಲಿಲ್ಲ.

ಆ ಎಕ್ಸೆಲ್ ಶೀಟು ನಾನು ಕಣ್ಣಾರೆ ಕಂಡಿದ್ದೇನೆ. ದಿನ, ಗಂಟೆ, ಸ್ಥಳ, ದೂರ, ನಡಿಗೆ, ರೈಲಿನ ಪ್ಲಾಟ್‌ಫಾರ್ಮು, ಬಿಸಿಲು–ಮಳೆ, ‘ಪ್ಲ್ಯಾನ್ ಬಿ’, ‘ಪ್ಲ್ಯಾನ್ ಸಿ’. ಯುರೋಪಿನ ಎಷ್ಟೋ ರೈಲು ನಿಲ್ದಾಣಗಳಲ್ಲಿ ಶೌಚಕ್ಕೆ ಕಾಸು ಕೊಡಬೇಕಾದ್ದರಿಂದ ಅದಕ್ಕೊಂದು ಪ್ರತ್ಯೇಕ ಕಾಲಮ್ಮು, ಪಕ್ಕದಲ್ಲಿ ಚಿಲ್ಲರೆಯ ಅಂದಾಜು. ಶಿವರಾಮ ಕಾರಂತರು ಯುರೋಪು ಸುತ್ತಿ ಬಂದ ಮೇಲೆ ‘ಅಪೂರ್ವ ಪಶ್ಚಿಮ’ ಬರೆದರು. ಗೊರೂರು ಅಮೆರಿಕದಲ್ಲಿದ್ದು ‘ಅಮೆರಿಕದಲ್ಲಿ ಗೊರೂರು’ ಬರೆದರು. ಹೋಗಿ ಬಂದು ಬರೆಯುವುದು ನಮ್ಮಲ್ಲಿ ಹಳೆಯ ವಾಡಿಕೆ. ರಾಯರು ಪ್ರವಾಸ ಕಥನವನ್ನು ಮೊದಲು ಬರೆದು, ಆಮೇಲೆ ಅದು ಸರಿಯಾಗಿದೆಯೋ ಇಲ್ಲವೋ ಎಂದು ನೋಡಿ ಬರಲು ಹೋಗುವವರು. ಹಿಂದೆ ಆಡಿಟ್ ವಿಭಾಗದಲ್ಲಿದ್ದವರು ಎನ್ನುವುದು ನೆನಪಾದರೆ ಆಶ್ಚರ್ಯವಾಗುವುದಿಲ್ಲ. ಮೊದಲ ಕರಡಿನಲ್ಲಿ ಪ್ಯಾರಿಸಿನ ಲೂವ್ರ್ ಮ್ಯೂಸಿಯಂ ಮಂಗಳವಾರಕ್ಕೆ ಬಿದ್ದಿತ್ತು. ಮಂಗಳವಾರ ಅದಕ್ಕೆ ರಜೆ ಎಂದು ತಿಳಿದ ರಾತ್ರಿ ರಾಯರು ಎರಡು ಗಂಟೆಗೆ ಎದ್ದು ಕೂತು ಇಡೀ ಯುರೋಪನ್ನು ಒಂದು ದಿನ ಮುಂದಕ್ಕೆ ತಳ್ಳಿದರು.

ಲಗೇಜಿನ ಅಧ್ಯಾಯವೊಂದೇ ಒಂದು ಪುರಾಣ. ತಲೆಗೆ 23 ಕಿಲೋ. ಅಡುಗೆಮನೆಯ ಕದಕ್ಕೆ ತೂಗುಹಾಕುವ ಕೈತಕ್ಕಡಿ ಬಂತು. ಗೊಜ್ಜವಲಕ್ಕಿ, ಕೋಡುಬಳೆ, ಪುಳಿಯೋಗರೆ ಗೊಜ್ಜು, ಉಪ್ಪಿಟ್ಟಿನ ರವೆ ಹುರಿದು ಒಗ್ಗರಣೆ ಹಾಕಿದ್ದು, ನೀರು ಕಾಯಿಸುವ ಕೆಟಲ್ಲು ಎಲ್ಲ ಸಾಲಾಗಿ ತೂಗಿಸಿಕೊಂಡವು. ತುಪ್ಪದ ಡಬ್ಬಿ ಬಂದಾಗ ರಾಯರು ಕೈ ಅಡ್ಡ ಹಿಡಿದರು: ಹೊರಗಿನಿಂದ ಬರುವವರು ಮಾಂಸ, ಹಾಲಿನ ಪದಾರ್ಥ ಯಾವುದನ್ನೂ ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ. ಅದಾದ ಮೇಲೆ ಒಣಕೊಬ್ಬರಿ. ಎಣ್ಣೆಯಂಶ ಜಾಸ್ತಿಯಿರುವ ಕೊಬ್ಬರಿ ತಾನಾಗಿ ಹೊತ್ತಿಕೊಳ್ಳಬಲ್ಲ ಸರಕು ಎಂದು ವಿಮಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಸೇರಿದೆ. ನಲವತ್ತು ವರ್ಷ ಕೊಬ್ಬರಿ ತುರಿದ ಕೈ ಒಂದು ಕ್ಷಣ ನಿಂತಿತು. “ಇಷ್ಟು ವರ್ಷ ಡಬ್ಬೀಲಿ ಬಾಂಬ್ ಇಟ್ಕೊಂಡು ಸಂಸಾರ ಮಾಡಿದೀನಾ?” ಎಂದರು ಆಕೆ. “ಚಟ್ನಿಪುಡಿಯಲ್ಲಿ ಎಷ್ಟು ಹಾಕಿದೀಯ?” ಎಂದು ರಾಯರು ವಿಚಾರಣೆ ಶುರುಮಾಡಿದರು.

ಒಂದು ಪೆಟ್ಟಿಗೆ ಕಳೆದರೆ ಎಂಬ ಮುಂದಾಲೋಚನೆಯಿಂದ ಇಬ್ಬರ ಬಟ್ಟೆಯನ್ನೂ ಎರಡೂ ಪೆಟ್ಟಿಗೆಗೆ ಅರ್ಧರ್ಧ ಹಂಚಿದರು. ಇದು ನಿಜಕ್ಕೂ ಒಳ್ಳೆಯ ಉಪಾಯ. ಆದರೆ ರಾಯರು ಅದನ್ನು ತುದಿಗಂಟ ಒಯ್ದು ಪ್ಯಾಂಟು ಒಂದರಲ್ಲಿ, ಬೆಲ್ಟು ಇನ್ನೊಂದರಲ್ಲಿ ಇಟ್ಟಿದ್ದರು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಯಲ್ಲಿ ಕೂಡದು ಎನ್ನುವುದನ್ನು ಮಾತ್ರ ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವರೇ ಕೇರಿಗೆಲ್ಲ ಹೇಳಿದರು.

ಹೊರಡಲು ಒಂದು ವಾರವಿರುವಾಗ ರಿಹರ್ಸಲ್ ನಡೆಯಿತು. ಬನಶಂಕರಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ನಲವತ್ತು ಕಿಲೋಮೀಟರಿಗೂ ಮೇಲು, ನಡುವೆ ಹೆಬ್ಬಾಳವೆಂಬ ವಿಧಿ. ರಾತ್ರಿ ವಾಯುವಜ್ರ ಬಸ್ಸು ಹತ್ತಿ, ಎಲ್ಲೆಲ್ಲಿ ಎಷ್ಟು ನಿಮಿಷ ಎಂದು ಗುರುತು ಹಾಕಿಕೊಂಡು ಟರ್ಮಿನಲ್ ಎರಡರ ಬಾಗಿಲವರೆಗೆ ಹೋದರು. ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಹೊರಗೆ ನಿಂತೇ ಬಿದಿರಿನ ಚಾವಣಿಯನ್ನು ಕತ್ತೆತ್ತಿ ನೋಡಿ, ಒಂದು ಕಾಫಿ ಕುಡಿದು, ಅದೇ ಬಸ್ಸಿಗೆ ಹಿಂತಿರುಗಿದರು. “ಹೇಗಿತ್ತು?” ಎಂದು ಕೇಳಿದರೆ “ಕಾಫಿ ದುಬಾರಿ, ಶೀಟಿನಲ್ಲಿ ಹಾಕ್ಕೊಂಡಿದೀನಿ” ಎಂದರು.

ಎಲ್ಲವೂ ಸುಸೂತ್ರವಾಗಿರುವಾಗ ಮಲ್ಲೇಶ್ವರದ ಸೋದರತ್ತೆಯ ಫೋನು ಬಂತು. ವಿಮಾನ ಬುಧವಾರ ಬೆಳಗಿನ ಜಾವ ತಾನೆ, ಅಡ್ಡಿಯೇನು ಎಂದರು ರಾಯರು. ಕ್ಯಾಲೆಂಡರಿಗೆ ಬುಧವಾರವಿರಬಹುದು, ಪಂಚಾಂಗಕ್ಕೆ ಸೂರ್ಯ ಹುಟ್ಟುವ ತನಕ ಮಂಗಳವಾರವೇ, ಮಂಗಳವಾರ ಯಾರಾದರೂ ದೂರ ಪ್ರಯಾಣ ಹೊರಡುತ್ತಾರೆಯೇ ಎಂದರು ಅತ್ತೆ. ರಾಯರಿಗೆ ಇದರಲ್ಲಿ ನಂಬಿಕೆಯಿಲ್ಲ. ಆದರೆ ರಿಸ್ಕ್ ಎಂಬ ಪದಕ್ಕೆ ಅವರು ಬಹಳ ಹೆದರುತ್ತಾರೆ. ಪರಿಹಾರವೂ ಅತ್ತೆಯೇ ಹೇಳಿದರು: ಸೋಮವಾರ ಒಳ್ಳೆಯ ಹೊತ್ತು ನೋಡಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಪ್ರಸ್ಥಾನ ಇಟ್ಟುಬಿಡು, ಅಲ್ಲಿಗೆ ನೀನು ಸೋಮವಾರವೇ ಹೊರಟ ಹಾಗೆ. ಹಳೇ ಪಂಚೆ ತುಂಬಿದ ಒಂದು ಕೈಚೀಲ ಇಟ್ಟಿದ್ದರೆ ಶಾಸ್ತ್ರ ಮುಗಿಯುತ್ತಿತ್ತು. ಆದರೆ ಪ್ರಯಾಣಕ್ಕೆ ಅತ್ಯಂತ ಮುಖ್ಯವಾದದ್ದನ್ನು ಇಟ್ಟರಲ್ಲವೇ ಪ್ರಸ್ಥಾನಕ್ಕೆ ಅರ್ಥ? ರಾಯರು ಎದುರುಮನೆಯಲ್ಲಿ ಫೋಲ್ಡರನ್ನೇ ಇಟ್ಟರು.

ಮಂಗಳವಾರ ಸಂಜೆ ಏಳಕ್ಕೆ ಟ್ಯಾಕ್ಸಿ ಬಂದು ನಿಂತಿತು. ವಿಮಾನಕ್ಕೆ ಇನ್ನೂ ಒಂಬತ್ತು ಗಂಟೆ. ಎದುರುಮನೆಗೆ ಬೀಗ. ತುಮಕೂರಿನಲ್ಲಿ ಮಗಳಿಗೆ ಹೆರಿಗೆ ನೋವು ಬಂತೆಂದು ಅವರು ಮಧ್ಯಾಹ್ನವೇ ಕಾರು ಹತ್ತಿದ್ದಾರೆ. ಫೋನ್ ಎತ್ತುತ್ತಿಲ್ಲ. ಪಾಸ್‌ಪೋರ್ಟಿನ ಮೂರು ಸೆಟ್ ಜೆರಾಕ್ಸು ರಾಯರ ಬಳಿ ಇದೆ. ಮಗನ ಇಮೇಲಿನಲ್ಲಿ ಸ್ಕ್ಯಾನಿದೆ, ಪೆನ್‌ಡ್ರೈವಿನಲ್ಲಿದೆ, ಮೊಬೈಲಿನಲ್ಲಿದೆ, ಹೆಂಡತಿಯ ಪರ್ಸಿನಲ್ಲಿದೆ. ಇಮಿಗ್ರೇಷನ್ನಿನವರು ನೋಡುವ ಅಸಲು ಪ್ರತಿ ಮಾತ್ರ ಬೀಗದ ಒಳಗಿದೆ. ರಾಯರು ‘ಪ್ಲ್ಯಾನ್ ಬಿ’ ಕಾಲಮ್ಮಿಗಾಗಿ ತಡಕಾಡಿದರು. ಆ ಸಾಲು ಖಾಲಿ. ಕೇರಿಯವರೆಲ್ಲ ಬೀದಿಗೆ ಬಂದೆವು. ಒಬ್ಬರು ಬೀಗ ಒಡೆಯುವವನನ್ನು ಕರೆಸೋಣ ಎಂದರು, ಇನ್ನೊಬ್ಬರು ನೆಲಮಂಗಲ ಟೋಲಿನಲ್ಲಿ ಅಡ್ಡಹಾಕೋಣ ಎಂದರು.

ರಾಯರ ಹೆಂಡತಿ ತುಳಸಿಕಟ್ಟೆಗೆ ದೀಪ ಇಟ್ಟು, ಚಪ್ಪಲಿ ಮೆಟ್ಟಿ, ಸೆರಗಿನ ತುದಿಯಿಂದ ಒಂದು ಕೀ ಬಿಚ್ಚಿ ರಸ್ತೆ ದಾಟಿದರು. ಬೀಗ ತೆಗೆದು ಫೋಲ್ಡರ್ ತಂದು ಟ್ಯಾಕ್ಸಿಯ ಸೀಟಿನ ಮೇಲಿಟ್ಟರು.

“ಅವರ ಮನೆ ಕೀ ನಿನ್ನ ಹತ್ರ ಹೇಗೆ?”

“ಹದಿನೆಂಟು ವರ್ಷದಿಂದ ಇದೆ. ಹಾಲು, ಪೇಪರ್ ಒಳಗಿಡೋದು ಯಾರು ಅಂದ್ಕೊಂಡ್ರಿ? ನಮ್ಮದೂ ಅವರ ಹತ್ರ ಇದೆ.”

ರಾಯರು ಟ್ಯಾಕ್ಸಿಯಲ್ಲಿ ಕೂತು ಮಾಡಿದ ಮೊದಲ ಕೆಲಸವೆಂದರೆ ಶೀಟಿನಲ್ಲಿ ‘ಎದುರುಮನೆ ಕೀ’ ಎಂಬ ಹೊಸ ಸಾಲು ಸೇರಿಸಿದ್ದು.

ಪ್ಯಾರಿಸ್ ಪಟ್ಟಿಯಂತೆಯೇ ನಡೆಯಿತಂತೆ, ಆದ್ದರಿಂದ ಅದರ ಬಗ್ಗೆ ಹೇಳುವುದೇನಿಲ್ಲ. ಮುಂದಿನದು ಆಕೆ ಬಂದ ಮೇಲೆ ನಮ್ಮ ಮನೆಯಲ್ಲಿ ಹೇಳಿದ್ದು. ಸ್ವಿಟ್ಜರ್ಲೆಂಡಿನಲ್ಲಿ 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಕ್‌ಗೆ 1912ರಿಂದಲೂ ರೈಲು ಹತ್ತುತ್ತಿದೆ. ರಾಯರು ಹೋಗಬೇಕಾಗಿದ್ದ ದಿನ ಮೇಲೆಲ್ಲ ಮೋಡ. ವೆಬ್‌ಕ್ಯಾಮಿನ ಪರದೆ ಪೂರ್ತಿ ಬಿಳಿ. ಅವತ್ತಿನ ಮಳೆಯ ಪ್ಲ್ಯಾನ್ ಬಿ, ಪ್ಲ್ಯಾನ್ ಸಿ ಎರಡೂ ಬೆಳಿಗ್ಗೆಯೇ ಮುಗಿದಿದ್ದವು. ಮಧ್ಯಾಹ್ನ ಎರಡರಿಂದ ಐದರವರೆಗೆ ಶೀಟಿನಲ್ಲಿ ಏನೂ ಇಲ್ಲ. ಇಬ್ಬರೂ ಲೌಟರ್‌ಬ್ರುನೆನ್ ಎಂಬ ಹಳ್ಳಿಯಲ್ಲಿ, ಬಂಡೆಯ ನೆತ್ತಿಯಿಂದ ಬೀಳುವ ಸ್ಟೌಬಾಖ್ ಜಲಪಾತದ ಎದುರಿನ ಬೆಂಚಿನ ಮೇಲೆ ಕೂತರು. ಆಕೆ ಕೋಡುಬಳೆ ತೆಗೆದರು. “ಜೋಗದಷ್ಟು ನೀರಿಲ್ಲ, ಆದರೆ ಎತ್ತರ ಇದೆ ಅಲ್ವಾ?” ಎಂದರು. “ಜೋಗ 253 ಮೀಟರ್, ಇದು 297” ಎಂದರು ರಾಯರು ತಕ್ಷಣ. ಆಮೇಲೆ ಹೇಳಲು ಅವರಲ್ಲಿ ಏನೂ ಉಳಿಯಲಿಲ್ಲ. ಕಾಲು ಅಲ್ಲಾಡಿಸಿದರು. ಗಡಿಯಾರ ನೋಡಿಕೊಂಡರು. ಇನ್ನೂ ಎರಡೂ ಹತ್ತು. ಮೊಬೈಲ್ ತೆಗೆದು ಏನೋ ಓದತೊಡಗಿದರು. ನೋಡನೋಡುತ್ತ ಮುಖಕ್ಕೆ ಕಳೆ ಬಂತು.

“ಕೇಳಿದ್ಯಾ, 2017ರಲ್ಲಿ ಜಪಾನಿನಲ್ಲಿ ಒಂದು ರೈಲು 20 ಸೆಕೆಂಡ್ ಮುಂಚೆ ಹೊರಟಿತು ಅಂತ ಕಂಪನಿಯವರು ಪ್ರಯಾಣಿಕರ ಕ್ಷಮೆ ಕೇಳಿದ್ರಂತೆ! ಅದು ದೇಶ ಅಂದ್ರೆ. ಮುಂದಿನ ವರ್ಷ ಏಪ್ರಿಲ್‌ಗೆ ಹೋಗಬೇಕಾದ್ರೆ ಈಗಲೇ ಶುರು ಮಾಡಬೇಕು.”

“ಖಂಡಿತ ಹೋಗಿ ಬನ್ನಿ” ಎಂದರು ಆಕೆ, ಇನ್ನೊಂದು ಕೋಡುಬಳೆ ಮುರಿಯುತ್ತ. “ಆ ಎರಡು ವಾರ ನಾನು ಮನೇಲಿ ರಜ ಹಾಕ್ಕೋತೀನಿ.”