ಮಾತ್ರೆ ಬಿಟ್ಟವರ ಬಗ್ಗೆ ಪಾದರಸದ ಹೇಳಿಕೆ

ಜನರ ಬಾಯಲ್ಲಿ ಬಿಪಿ ಮಿಷನ್ ಎನಿಸಿಕೊಂಡಿರುವ ಪಾದರಸದ ರಕ್ತದೊತ್ತಡ ಮಾಪಕವು ತಾಲ್ಲೂಕು ಆಸ್ಪತ್ರೆಯೊಂದರ ಮೇಜಿನ ಮೇಲಿಂದಲೇ ಸಂದರ್ಶನಕ್ಕೆ ಒಪ್ಪಿಕೊಂಡಿತಾದರೂ, ತೋಳಿಗೆ ಪಟ್ಟಿ ಬಿಗಿದಿರುವಾಗ ಯಾರೂ ಮೊಬೈಲಿನಲ್ಲಿ ಮಾತನಾಡಕೂಡದೆಂಬ ಷರತ್ತನ್ನು ಮೊದಲೇ ವಿಧಿಸಿತು.

ಪ್ರಶ್ನೆ: ವಂಶದ ಹಿನ್ನೆಲೆ ಏನು?

ಇಟಲಿಯ ವೈದ್ಯ ರಿವಾ-ರೊಚ್ಚಿ 1896ರಲ್ಲಿ ತೋಳಿಗೆ ಗಾಳಿಪಟ್ಟಿ ಸುತ್ತುವ ವಿಧಾನವನ್ನು ರೂಪಿಸಿದರೆ, ರಷ್ಯಾದ ಕೊರೊಟ್ಕಾಫ್ 1905ರಲ್ಲಿ ಆ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಸದ್ದನ್ನು ಆಲಿಸುವ ಕ್ರಮವನ್ನು ತಿಳಿಸಿಕೊಟ್ಟನೆಂದು ಮಾಪಕವು ವಿವರಿಸಿತು. ಇಷ್ಟಾದ ಮೇಲೂ ದಪ್ಪ ಸ್ವೆಟರಿನ ಮೇಲೆಯೇ ಪಟ್ಟಿ ಸುತ್ತುವವರಿರುವುದು ವಂಶದ ದೌರ್ಭಾಗ್ಯವೆಂದೂ ಸೇರಿಸಿತು.

ಪ್ರಶ್ನೆ: ಲಕ್ವಕ್ಕೂ ಬಿಪಿಗೂ ಏನು ನಂಟು?

ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಉಂಟಾಗುವ ಪಾರ್ಶ್ವವಾಯುವಿಗೆ, ಅಂದರೆ ಲಕ್ವಕ್ಕೆ, ತಡೆಯಬಹುದಾದ ಕಾರಣಗಳಲ್ಲಿ ಏರಿದ ರಕ್ತದೊತ್ತಡವೇ ಮೊದಲನೆಯದೆಂದೂ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ತಾಳ ತಪ್ಪಿದ ಹೃದಯಬಡಿತ ಅದರ ಜೊತೆಗಾರರೆಂದೂ ಉತ್ತರ ಬಂತು. ಒತ್ತಡವು 140/90ರ ಗೆರೆಯನ್ನು ಎಷ್ಟೋ ದಾಟಿದ್ದರೂ ಬಹುಪಾಲು ಜನರಿಗೆ ಮೈಯಲ್ಲಿ ಏನೂ ತೋರುವುದಿಲ್ಲವಾದ್ದರಿಂದ, ತಲೆ ಸುತ್ತದವರೆಲ್ಲ ಮಾಪಕವನ್ನೇ ಸುಳ್ಳುಗಾರನೆನ್ನುವರಂತೆ.

ಪ್ರಶ್ನೆ: ಅತಿ ದೊಡ್ಡ ಅಸಮಾಧಾನ ಯಾವುದು?

ದಿನಾ ಮಾತ್ರೆ ನುಂಗಿ 170ರಿಂದ 128ಕ್ಕೆ ಇಳಿದ ರೋಗಿಯು ಚೀಟಿಯನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟು, "ಬಿಪಿ ನಾರ್ಮಲ್ ಬಂತಲ್ಲ, ಇನ್ನು ಮಾತ್ರೆ ಯಾಕೆ?" ಎಂದು ಎದ್ದು ಹೋಗುವ ದೃಶ್ಯವನ್ನು ಮಾಪಕವು ಬಣ್ಣಿಸಿತು. ಒತ್ತಡವನ್ನು ಇಳಿಸಿ ಹಿಡಿದಿರುವುದೇ ಆ ಮಾತ್ರೆಯಾದ್ದರಿಂದ, ವೈದ್ಯರನ್ನು ಕೇಳದೆ ಅದನ್ನು ಬಿಟ್ಟರೆ ಪಾದರಸವು ಮತ್ತೆ ಹಳೆಯ ಎತ್ತರಕ್ಕೇ ಹೊರಡುತ್ತದೆ. ಮಾತ್ರೆ ಅಭ್ಯಾಸವಾಗಿಬಿಡುತ್ತದೆಂದು ಅಂಜುವ ಅದೇ ರೋಗಿಗೆ ಮೂವತ್ತು ವರ್ಷದಿಂದ ಸೇದುತ್ತಿರುವ ಬೀಡಿಯ ಬಗ್ಗೆ ಆ ಅಂಜಿಕೆ ಹುಟ್ಟದಿರುವುದನ್ನು ವೈದ್ಯಶಾಸ್ತ್ರ ಇನ್ನೂ ವಿವರಿಸಬೇಕಾಗಿದೆಯಂತೆ.

ಪ್ರಶ್ನೆ: ಊಟದ ವಿಚಾರ?

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ; ಸಾರಿಗೆ ಉಪ್ಪು ಕಡಿಮೆ ಮಾಡಿಸಿ, ಸಪ್ಪೆಯಾಯಿತೆಂದು ಎರಡು ಹೋಳು ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ನಂಚಿಕೊಳ್ಳುವುದನ್ನು ಪಥ್ಯವೆಂದು ಕರೆಯಲು ಮಾಪಕವು ಒಪ್ಪಲಿಲ್ಲ.

ಪ್ರಶ್ನೆ: ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದ ಮೇಲೆ?

ನಾಳ ಕಟ್ಟಿಕೊಂಡ ಲಕ್ವದಲ್ಲಿ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕೆಂದೂ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯನ್ನು ಬಿಟ್ಟು ನಾಟಿ ಎಣ್ಣೆ ಹುಡುಕಿ ಹೊರಟ ಬಂಧುಗಳು ಆ ಹೊತ್ತನ್ನು ಹೇಗೆ ಕಳೆದರೆಂಬುದಕ್ಕೆ ಗೋಡೆಯ ಗಡಿಯಾರವನ್ನೇ ಸಂದರ್ಶಿಸುವುದು ಲೇಸೆಂದೂ ಹೇಳಿ, ಮುಂದಿನ ರೋಗಿಗೆ ಐದು ನಿಮಿಷ ಸುಮ್ಮನೆ ಕೂರಲು ಮಾಪಕವು ಸೂಚಿಸಿತು.