ಇಸವಿಯ ಪರ ವಕಾಲತ್ತು

ಬಿ.ಎ.ಗೆ ಇತಿಹಾಸ ತೆಗೆದುಕೊಂಡವರನ್ನು ಕಂಡರೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರಿಗೂ ಕರುಣೆ ಉಕ್ಕುತ್ತದೆ. ‘ಪಾಪ, ಅಷ್ಟೊಂದು ಇಸವಿ ಹೇಗಪ್ಪಾ ನೆನಪಿಟ್ಟುಕೊಳ್ತೀಯ?’ ಎಂದು ಕೇಳದೆ ಅವರು ಪಾಯಸಕ್ಕೆ ಕೈ ಹಾಕುವುದಿಲ್ಲ. ಹೀಗೆ ಕೇಳುವವರು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯನ್ನು ನೋಡಿಲ್ಲವೆಂದೇ ಅರ್ಥ. ಎರಡು ಅಂಕದ ಪ್ರಶ್ನೆಗಳಲ್ಲಿ ಇಸವಿ ಅಲ್ಲೊಂದು ಇಲ್ಲೊಂದು ತಲೆಹಾಕೀತು. ಹತ್ತು ಅಂಕದ ಉತ್ತರಗಳನ್ನಂತೂ ಇಸವಿಯ ಸೋಂಕೇ ಇಲ್ಲದೆ ಬರೆದು ಪಾಸಾಗಬಹುದು, ಎಷ್ಟೋ ಮಂದಿ ಆಗುತ್ತಲೂ ಇದ್ದಾರೆ. ನನ್ನ ವಾದ ಇಷ್ಟೇ: ಇತಿಹಾಸದ ಓದು ಬೇಸರ ತರಿಸಿದರೆ ಅದಕ್ಕೆ ಇಸವಿ ಹೊಣೆಯಲ್ಲ. ಯಾವ ರಾಜನಿಗೂ ಒಗ್ಗುವ, ಎಂದೂ ತಪ್ಪಾಗದ ಉತ್ತರವನ್ನು ಬರೆಯಲು ಕಲಿಸುವ ಪದ್ಧತಿಯೇ ಹೊಣೆ. ತಪ್ಪಾಗಲು ಸಾಧ್ಯವೇ ಇಲ್ಲದ ಉತ್ತರ ಸರಿ ಹೇಗಾದೀತು?

ಉದಾಹರಣೆಗೆ, ‘ಕೃಷ್ಣದೇವರಾಯನ ಸಾಧನೆಗಳನ್ನು ವಿವರಿಸಿ’ ಎಂಬ ಪ್ರಶ್ನೆ. ಉತ್ತರದ ಅಂಗಾಂಗಗಳು ಮೊದಲೇ ನಿಗದಿಯಾಗಿವೆ: ಪೀಠಿಕೆ, ಆರಂಭಿಕ ಜೀವನ, ದಿಗ್ವಿಜಯಗಳು, ಆಡಳಿತ, ಧಾರ್ಮಿಕ ಸಹಿಷ್ಣುತೆ, ಸಾಹಿತ್ಯ, ಕಲೆ ಮತ್ತು ವಾಸ್ತುಶಿಲ್ಪ, ಉಪಸಂಹಾರ. ಪ್ರತಿ ತಲೆಬರಹದ ಕೆಳಗೂ ಸ್ಕೆಚ್ ಪೆನ್ನಿನ ಗೆರೆ. ಗೆರೆ ಎರಡಾದರೆ ಪಾಂಡಿತ್ಯವೂ ಎರಡರಷ್ಟು. ಬಾಡಿಗೆಗೆ ತಂದ ಮದುವೆ ಕೋಟಿನಂತೆ ಈ ಉತ್ತರ ಯಾರ ಮೈಗೂ ಹೊಂದುತ್ತದೆ. ವಿಷ್ಣುವರ್ಧನನಾದರೆ ಹಂಪಿ ಇದ್ದಲ್ಲಿ ಬೇಲೂರು, ಅಮೋಘವರ್ಷನಾದರೆ ‘ಆಮುಕ್ತಮಾಲ್ಯದ’ ಇದ್ದಲ್ಲಿ ‘ಕವಿರಾಜಮಾರ್ಗ’. ಪಾಪ, ಅಮೋಘವರ್ಷ ಯುದ್ಧಕ್ಕಿಂತ ನೆಂಟಸ್ತಿಕೆ ಮೇಲೆಂದು ಗಂಗರ ಮನೆಗೆ ಮಗಳನ್ನು ಕೊಟ್ಟವನು. ಆದರೂ ‘ದಿಗ್ವಿಜಯಗಳು’ ಎಂಬ ತಲೆಬರಹ ಅಲ್ಲಿ ಕಾಯುತ್ತಿರುವುದರಿಂದ, ಒಂದು ಪ್ಯಾರಾದ ಮಟ್ಟಿಗಾದರೂ ಅವನು ಕುದುರೆ ಏರಲೇಬೇಕು. ಪತನದ ಕಾರಣಗಳೂ ಹಾಗೆಯೇ: ಅಸಮರ್ಥ ಉತ್ತರಾಧಿಕಾರಿಗಳು, ವಿಶಾಲ ಸಾಮ್ರಾಜ್ಯ, ಒಳಜಗಳ, ಬರಿದಾದ ಬೊಕ್ಕಸ, ಹೊರಗಿನವರ ದಾಳಿ. ಮೌರ್ಯರೂ ಗುಪ್ತರೂ ಮೊಘಲರೂ ಈ ಐದರಲ್ಲೇ ಮುಗಿದುಹೋಗುತ್ತಾರೆ. ಆರನೆಯ ಕಾರಣಕ್ಕೆ ಬೀಳುವ ಧೈರ್ಯ ಮಾಡಿದ ಸಾಮ್ರಾಜ್ಯ ನಮ್ಮ ಗೈಡುಗಳಲ್ಲಿ ಇನ್ನೂ ಹುಟ್ಟಿಲ್ಲ.

ಇದಕ್ಕೆಲ್ಲ ಹಳೆಯ ಪರಂಪರೆಯಿದೆ ಎಂದು ಯಾರಾದರೂ ಸಮರ್ಥಿಸಬಹುದು. ಆಸ್ಥಾನಕವಿಗಳು ಬರೆದ ಪ್ರಶಸ್ತಿಗಳಲ್ಲೂ ಎಲ್ಲ ರಾಜರೂ ಶೂರರು, ದಾನಿಗಳು, ಪ್ರಜಾವತ್ಸಲರು. ಒಪ್ಪಿದೆ. ಆದರೆ ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿದ ರವಿಕೀರ್ತಿ ಒಂದು ಕೆಲಸ ಮರೆಯಲಿಲ್ಲ. ಅವನು ಇಸವಿ ಹಾಕಿದ. ಅದೂ ಎರಡು ಲೆಕ್ಕದಲ್ಲಿ: ಭಾರತಯುದ್ಧದಿಂದ 3735 ವರ್ಷ, ಶಕ ವರ್ಷ 556, ಅಂದರೆ ಕ್ರಿ.ಶ. 634–35. ಜೊತೆಗೆ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ತಾನೇ ಸೇರಿಸಿಕೊಂಡ. ಸಂಕೋಚವಿಲ್ಲದ ಈ ಆತ್ಮಸ್ತುತಿಯ ಪಕ್ಕದಲ್ಲಿ ಇಸವಿ ಇದ್ದದ್ದರಿಂದಲೇ ವಿದ್ವಾಂಸರಿಗೆ ಒಂದು ಆಧಾರ ಸಿಕ್ಕಿತು: ಕಾಳಿದಾಸನನ್ನು ಏಳನೆಯ ಶತಮಾನದ ಈಚೆಗೆ ಯಾರೂ ಎಳೆದು ತರುವಂತಿಲ್ಲ. ಹೊಗಳಿಕೆ ಎಷ್ಟೇ ಇರಲಿ, ಇಸವಿ ಬಿದ್ದ ಕೂಡಲೇ ಮಾತು ಪರೀಕ್ಷೆಗೆ ಒಳಗಾಗುತ್ತದೆ. ನಮ್ಮ ಹತ್ತು ಅಂಕದ ಉತ್ತರ ರವಿಕೀರ್ತಿಯ ಹೊಗಳಿಕೆಯನ್ನು ಉಳಿಸಿಕೊಂಡು ಅವನ ಲೆಕ್ಕವನ್ನು ಕೈಬಿಟ್ಟಿತು. ಪ್ರಶ್ನೆಪತ್ರಿಕೆಯಲ್ಲಿ ಇಸವಿಯಷ್ಟೇ ಪ್ರಾಮಾಣಿಕವಾದ ಇನ್ನೊಂದು ಭಾಗವೆಂದರೆ ನಕ್ಷೆ. ಅಲ್ಲಿ ಸ್ಕೆಚ್ ಪೆನ್ನಿನ ಆಟ ನಡೆಯದು. ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕ ಮಸ್ಕಿಯನ್ನು ಅರಬ್ಬೀ ಸಮುದ್ರಕ್ಕೆ ಇಳಿಸಿದವನನ್ನು ಯಾವ ಉಪಸಂಹಾರವೂ ದಡಕ್ಕೆ ತರಲಾರದು.

ಇಸವಿಯನ್ನು ಉರು ಹೊಡೆಯುವುದು ಯಾಕೆ, ಫೋನಿನಲ್ಲಿ ನೋಡಿದರಾಯಿತಲ್ಲ, ಇತಿಹಾಸವೆಂದರೆ ಕಾರಣ ಮತ್ತು ಪರಿಣಾಮ ಅಲ್ಲವೇ ಎಂಬುದು ಬಲವಾದ ಆಕ್ಷೇಪ. ಫೋನು ಇಸವಿಯನ್ನು ಹೇಳುತ್ತದೆ, ನಿಜ. ಯಾವ ಇಸವಿಯ ಪಕ್ಕ ಯಾವುದನ್ನು ಇಡಬೇಕೆಂದು ಕೇಳುವ ಬುದ್ಧಿ ನಮ್ಮಲ್ಲಿರಬೇಕು. ಕಾರಣ ಮೊದಲು, ಪರಿಣಾಮ ಆಮೇಲೆ ಎಂಬುದನ್ನು ನೋಡುವುದಕ್ಕಾದರೂ ಇಸವಿ ಬೇಡವೇ? 1565ರ ಜನವರಿ 23ರಂದು ತಾಳಿಕೋಟೆ ಯುದ್ಧವಾಯಿತು, ವಿಜಯನಗರ ಸಾಮ್ರಾಜ್ಯ ಅಂತ್ಯ ಕಂಡಿತು ಎಂದು ಬರೆದು ವಿದ್ಯಾರ್ಥಿ ಅಡಿಷನಲ್ ಶೀಟಿಗೆ ದಾರ ಕಟ್ಟುತ್ತಾನೆ. ಆದರೆ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡದ್ದು ವಿಜಯನಗರದ ಪ್ರತಿನಿಧಿಯ ಕೈಯಿಂದ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಮದ್ರಾಸಿನ ಜಾಗ ಬರೆದುಕೊಟ್ಟ ನಾಯಕ ವಿಜಯನಗರದ ಅರವೀಡು ಮನೆತನದ ಅಧೀನದವನು. ಸತ್ತ ಸಾಮ್ರಾಜ್ಯಕ್ಕೆ ಎಪ್ಪತ್ತು ವರ್ಷ ಕಳೆದ ಮೇಲೂ ಪ್ರತಿನಿಧಿಗಳು, ನಾಯಕರು! ಮೂರು ಇಸವಿಗಳು ಸೇರಿ ಒಂದು ಸಿದ್ಧ ವಾಕ್ಯವನ್ನು ಮುರಿದವು. ಇದನ್ನು ಬಾಯಿಪಾಠ ಎಂದು ಹಳಿಯುವುದು ಅನ್ಯಾಯ. ನಿಜವಾದ ಬಾಯಿಪಾಠ ಆ ಐದು ಕಾರಣಗಳದ್ದು.

ವಿದ್ಯಾರ್ಥಿಯನ್ನು ದೂರಬೇಡಿ ಎನ್ನುವವರ ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಸೆಮಿಸ್ಟರು ಚಿಕ್ಕದು, ಸಿಲಬಸ್ಸು ಹರಪ್ಪದಿಂದ ಹೊರಟಿರುತ್ತದೆ, ಜೆರಾಕ್ಸ್ ಅಂಗಡಿಯಲ್ಲಿ ‘ಪಾಸಿಂಗ್ ಪ್ಯಾಕೇಜ್’ ಕೈಗೆಟುಕುವ ದರದಲ್ಲಿ ಸಿಗುತ್ತದೆ. ಕೇಳಿದ್ದಕ್ಕೆ ತಕ್ಕಂತೆ ಬರೆಯುವವನು ಜಾಣನೇ ಹೊರತು ಸೋಮಾರಿಯಲ್ಲ. ಹಾಗಾದರೆ ಬದಲಾಗಬೇಕಾದದ್ದು ಪ್ರಶ್ನೆ. ‘ವಿವರಿಸಿ’ ಎಂಬ ಕ್ರಿಯಾಪದಕ್ಕೆ ಕೆಲವು ವರ್ಷ ವಿಶ್ರಾಂತಿ ಕೊಟ್ಟು ಹೀಗೆ ಕೇಳಲಿ: 1565, 1610, 1639, ಈ ಮೂರನ್ನೂ ಎದುರಿಗಿಟ್ಟುಕೊಂಡು ವಿಜಯನಗರ ಯಾವಾಗ ಮುಗಿಯಿತೆಂದು ವಾದಿಸಿ. ಇದಕ್ಕೆ ಯಾವ ಪ್ಯಾಕೇಜಿನಲ್ಲೂ ಉತ್ತರವಿರುವುದಿಲ್ಲ. ಇಬ್ಬರು ಬರೆದರೆ ಎರಡು ಉತ್ತರ, ಅದರಲ್ಲೊಂದು ತಪ್ಪಾಗಿರುವ ಭಾಗ್ಯವೂ ಉಂಟು. ಮೌಲ್ಯಮಾಪಕರು ತಲೆಬರಹಗಳ ಮೇಲೆ ಕಣ್ಣಾಡಿಸುವುದನ್ನು ಬಿಟ್ಟು ಎರಡನ್ನೂ ಓದಬೇಕಾಗುತ್ತದೆ. ಈ ಸುಧಾರಣೆಗೆ ಮೊದಲ ವಿರೋಧ ಯಾವ ಕಡೆಯಿಂದ ಬರುತ್ತದೆ ಎಂದು ಊಹಿಸಲು ಇತಿಹಾಸ ಓದಿರಬೇಕಾಗಿಲ್ಲ.